ನಾನು ಸಂಗೀತ ಪತ್ರಿಕೆ ಆರಿಸಿದ್ದು

ಸಂಗೀತದಲ್ಲಿ ನನ್ನ ತಿಳಿವಳಿಕೆ ಎಷ್ಟೆಂದರೆ, ಗಾಯಕರು ಇನ್ನೂ ತಂಬೂರಿಯ ಶ್ರುತಿ ಸರಿಮಾಡಿಕೊಳ್ಳುತ್ತಿದ್ದಾಗಲೇ ಒಮ್ಮೆ ನಾನು 'ವಾಹ್!' ಎಂದುಬಿಟ್ಟಿದ್ದೇನೆ. ಇದು ನಡೆದದ್ದು ನಾಸಿಕದಲ್ಲಿ, ಗೋದಾವರಿಯ ದಂಡೆಯ ಮೇಲೆ, ಹೋದ ಚಳಿಗಾಲದ ಒಂದು ಸಂಜೆ. ಮುಂದಿನ ಸಾಲಿನಲ್ಲಿದ್ದ ಗೃಹಸ್ಥರೊಬ್ಬರು ತಿರುಗಿ, ಮದುವೆಮನೆಗೆ ಕರೆಯದೆ ಬಂದವನನ್ನು ನೋಡುವ ಹಾಗೆ ನೋಡಿದರು. ಅವರ ತೊಡೆಯ ಮೇಲೆ ಒಂದು ಸಂಗೀತ ಪತ್ರಿಕೆ ಇತ್ತು. ಹಾಡು ಶುರುವಾಗಿ ಸ್ವಲ್ಪ ಹೊತ್ತಿಗೆ ಅವರು ಪಕ್ಕದವರ ಕಿವಿಯಲ್ಲಿ, "ಇವತ್ತು ರಿಷಭ ಸ್ವಲ್ಪ ದಣಿದಿದೆ" ಎಂದು ಮರಾಠಿಯಲ್ಲಿ ಹೇಳಿದ್ದು ನನಗೂ ಕೇಳಿಸಿತು. ದಣಿಯುವುದು ನನ್ನಂಥ ನೌಕರರಿಗೆ ಮಾತ್ರ ಎಂದುಕೊಂಡಿದ್ದೆ, ಸ್ವರಗಳಿಗೂ ದಣಿವಾಗುತ್ತದೆಂದು ಅಂದೇ ತಿಳಿದದ್ದು.

ಮನೆಗೆ ಬರುವ ದಾರಿಯಲ್ಲೇ ನಿರ್ಧರಿಸಿದೆ. ಐವತ್ತು ದಾಟಿದ ಮೇಲೆ ಸಂಗೀತ ಕಲಿಯಲು ಆಗುವುದಿಲ್ಲ, ಆದರೆ ಸಂಗೀತ ಪತ್ರಿಕೆ ಕೊಳ್ಳಲು ಯಾವ ವಯಸ್ಸಾದರೂ ಆದೀತು. ಗುರು ಬೇಡ, ಸಾಧನೆ ಬೇಡ, ಚಂದಾ ಕಟ್ಟಿದರೆ ಮುಗಿಯಿತು.

ಆದರೆ ಯಾವ ಪತ್ರಿಕೆ? ಪಂಚವಟಿಯಲ್ಲಿ ನಮ್ಮ ಮನೆಯ ಹಿಂದಿನ ಓಣಿಯ ಪುಸ್ತಕದಂಗಡಿಯಿಂದ ಎರಡು ತಂದೆ, ನಮ್ಮ ಬೀದರಿನ ಕಡೆಯ ಗೆಳೆಯನಿಗೆ ಹೇಳಿ ಅಂಚೆಯಲ್ಲಿ ಒಂದು ತರಿಸಿದೆ. ಮೊದಲನೆಯದು ಮರಾಠಿ ಮಾಸಿಕ. ಅದರ ತುಂಬ ಯಾರು ಯಾರ ಶಿಷ್ಯ, ಯಾರು ಯಾರ ಶಿಷ್ಯನೇ ಅಲ್ಲ, ಯಾರ ಗುರು ಯಾರ ಮನೆಯ ಚಹಾ ಕುಡಿಯದೆ ಎದ್ದುಹೋದರು ಎಂಬ ಚರ್ಚೆ. ಅರ್ಧ ಓದುವಷ್ಟರಲ್ಲಿ ಹೊಲದ ಪಾಲಿನ ವ್ಯಾಜ್ಯದ ಕಡತ ಓದಿದಂತಾಯಿತು. ಎರಡನೆಯದು ಇಂಗ್ಲಿಷಿನದು, ನುಣುಪಾದ ಕಾಗದ. ಅದರಲ್ಲಿ ಗಾಯಕರು ಮಾಳಿಗೆಯ ಮೇಲೆ ನಿಂತು ದೂರ ನೋಡುತ್ತಾರೆ, ಒಬ್ಬರೂ ಬಾಯಿ ತೆರೆಯುವುದಿಲ್ಲ. ಸ್ಪೀಕರಿಗೆ ಜೋಡಿಸುವ ಒಂದು ತಂತಿಯ ಬಗ್ಗೆಯೇ ನಾಲ್ಕು ಪುಟ ಇತ್ತು. ಆ ತಂತಿಯಲ್ಲಿ ಹಾದುಬಂದ ಹಾಡು 'ಬೆಚ್ಚಗೆ' ಇರುತ್ತದಂತೆ. ನಾಸಿಕದ ಚಳಿಗೆ ಉಪಯೋಗವಾದೀತೆಂದು ಬೆಲೆ ನೋಡಿ, ಕಂಬಳಿಯೇ ಅಗ್ಗವೆಂದು ಪುಟ ಮಗುಚಿದೆ. ಮೂರನೆಯದು ನಮ್ಮ ಕನ್ನಡದ್ದು. ಪುಟಪುಟದಲ್ಲೂ ಶಾಲು, ಹಣ್ಣಿನ ಬುಟ್ಟಿ, ಬುಟ್ಟಿಯ ಹಿಂದೆ ಅರ್ಧ ಕಾಣುವ ಕಲಾವಿದರು. ಪ್ರತಿ ವರದಿಯ ಕೊನೆಗೆ ಶ್ರೋತೃಗಳು ಮಂತ್ರಮುಗ್ಧರಾಗುತ್ತಿದ್ದರು. ತಿಂಗಳು ತಿಂಗಳು ಇಷ್ಟು ಜನ ಮಂತ್ರಮುಗ್ಧರಾದರೆ ಊರಿನ ಕಿರಾಣಿ ಅಂಗಡಿಗಳನ್ನು ಯಾರು ನಡೆಸುತ್ತಾರೋ ಎಂದು ನನಗೆ ಚಿಂತೆಯಾಯಿತು.

ಮೂರನ್ನೂ ಚೀಲದಲ್ಲಿಟ್ಟುಕೊಂಡು ಮಳೆಗಾಲದ ಮೊದಲಲ್ಲಿ ಕಾರ್ಖಾನೆಯ ಕೆಲಸದ ಮೇಲೆ ಮುಂಬೈಗೆ ಹೋಗಿದ್ದೆ. ತಿರುಗಿ ಬರುವಾಗ ಇಗತಪುರಿಯಲ್ಲಿ ಮಳೆಗೆ ಗಾಡಿ ನಿಂತುಬಿಟ್ಟಿತು. ಇಗತಪುರಿಯ ಮಳೆ ಒಮ್ಮೆ ಕೂತರೆ ಹತ್ತಿರದ ನೆಂಟರ ಹಾಗೆ, ಎದ್ದು ಹೋಗುವ ಮಾತಿಲ್ಲ. ಬೇರೆ ದಾರಿ ಕಾಣದೆ ಮೂರೂ ಪತ್ರಿಕೆಗಳನ್ನು ಕೊನೆಯ ಪುಟದವರೆಗೂ ಓದಿದೆ. ಆಗ ಸಿಕ್ಕಿತು, ಕನ್ನಡ ಪತ್ರಿಕೆಯ ಹಿಂಬದಿಯಲ್ಲಿ ಹೆಸರು ಹಾಕಿಕೊಳ್ಳದ ಒಬ್ಬ ವಿಮರ್ಶಕರ ಅಂಕಣ. ಈ ಪುಣ್ಯಾತ್ಮರಿಗೆ ಯಾರ ಹಾಡೂ ಹಿಡಿಸುವುದಿಲ್ಲ. ಒಬ್ಬರ ತಾರಸ್ಥಾಯಿ ನಡುಗಿತು, ಇನ್ನೊಬ್ಬರ ತಾಳ ಜಾರಿತು, ಮತ್ತೊಬ್ಬರದು ಎಲ್ಲ ಸರಿಯಿತ್ತು, ಅದೇ ದೋಷ. ನಮ್ಮ ಹಳೆಯ ಶಾಸ್ತ್ರಕಾರರು ಹಾಡುವವರ ದೋಷಗಳನ್ನು ಪಟ್ಟಿ ಮಾಡಿಟ್ಟಿದ್ದಾರೆಂದೂ ಅವರು ಬರೆದಿದ್ದರು: ಹಲ್ಲು ಕಚ್ಚಿ ಹಾಡುವವನು, ಕಣ್ಣು ಮುಚ್ಚಿ ಹಾಡುವವನು, ಒಂಟೆಯಂತೆ ಕತ್ತು ಚಾಚುವವನು, ಕಾಗೆಯ ಕಂಠದವನು. ಕೇಳುವವರ ದೋಷಗಳಿಗೆ ಇಂಥ ಪಟ್ಟಿ ಏನಾದರೂ ಇದ್ದರೆ ಅಂಕಣಕಾರರು ಅದನ್ನು ಹೇಳಲಿಲ್ಲ, ನಾನೂ ಆಗ ಕೇಳಲಿಲ್ಲ.

ಅಂಕಣ ನನ್ನ ಮನಸ್ಸಿಗೆ ಯಾಕೆ ನಾಟಿತು ಎಂಬುದಕ್ಕೆ ಕಾರಣವಿದೆ. ಕಾರ್ಖಾನೆಯಲ್ಲಿ ನನ್ನದು ತಪಾಸಣೆಯ ಕೆಲಸ. ತಯಾರಾಗಿ ಬಂದ ಬಿಡಿಭಾಗಗಳನ್ನು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆ ಕಂಡರೆ ಹಳದಿ ಚೀಟಿ ಕಟ್ಟಿ ಬದಿಗಿಡುತ್ತೇನೆ. ಒಂದು ಬೋಲ್ಟನ್ನೂ ಮಾಡಲು ಬಾರದ ನಾನು ಸಾವಿರ ಬೋಲ್ಟುಗಳಿಗೆ ಚೀಟಿ ಕಟ್ಟಿ ಸಂಸಾರ ನಡೆಸಿದ್ದೇನೆ. ಹಾಡಲು ಬಾರದೆಯೂ ಹಾಡಿಗೆ ಚೀಟಿ ಕಟ್ಟಬಹುದು ಎಂದು ತಿಳಿದಾಗ ನನಗೆ ಕಳೆದುಹೋದ ಅಣ್ಣ ಸಿಕ್ಕಷ್ಟು ಖುಷಿಯಾಯಿತು. ಪಕ್ಕದಲ್ಲಿ ತೊಯ್ದ ಬಟ್ಟೆಯಲ್ಲಿ ಕೂತಿದ್ದ ರೈಲ್ವೆ ಕೆಲಸಗಾರನೊಬ್ಬ ಪತ್ರಿಕೆಯ ಕಡೆ ಬಗ್ಗಿ, "ಯಾತ್ ಗಾಣೀ ಆಹೇತ್ ಕಾ?" ಎಂದ, ಇದರಲ್ಲಿ ಹಾಡುಗಳಿವೆಯೇ ಎಂದು. ಇಲ್ಲ, ಹಾಡುಗಳ ಬಗ್ಗೆ ಇದೆ ಎಂದೆ. "ಮಗ್ ಕಾಯ್ ಉಪಯೋಗ್?" ಎಂದು ಅವನು ಬೀಡಿ ಹುಡುಕತೊಡಗಿದ. ಹಾಗಾದರೆ ಏನು ಉಪಯೋಗ ಎಂಬ ಅವನ ಮಾತನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಗಾಡಿ ಹೊರಡುವ ಹೊತ್ತಿಗೆ ನನ್ನ ಮೆಚ್ಚಿನ ಸಂಗೀತ ಪತ್ರಿಕೆ ಯಾವುದೆಂದು ತೀರ್ಮಾನವಾಗಿತ್ತು.

ಇನ್ನು ಚೀಟಿ ಕಟ್ಟಲು ಒಂದು ಹಾಡು ಬೇಕಲ್ಲ. ಅದು ಮನೆಯಲ್ಲೇ ಇತ್ತು.

ನನ್ನ ಹೆಂಡತಿ ಮಹಾನಂದಾ ಕಲಬುರಗಿ ಕಡೆಯವಳು. ದಿನಾ ಬೆಳಿಗ್ಗೆ ಜೋಳದ ರೊಟ್ಟಿ ಬಡಿಯುತ್ತ ಹಾಡುತ್ತಾಳೆ. ಅವಳ ತಾಯಿ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ಪದಗಳು, ಸೋಬಾನೆ, ಜೋಗುಳ, ಸೋಮವಾರವಾದರೆ ಶಿವನ ಪದ. ಮದುವೆಯಾದ ಲಾಗಾಯ್ತು ನಾನು ಆ ಹಾಡಿಗೇ ಎದ್ದಿದ್ದೇನೆ, ಅದನ್ನು ಎಂದೂ ಕೇಳಿರಲಿಲ್ಲ. ಈಗ ಮೆಚ್ಚಿನ ಪತ್ರಿಕೆಯನ್ನು ಕೈಯಲ್ಲಿ ಹಿಡಿದು ಕೇಳಿದೆ. ಎರಡನೇ ನುಡಿಗೇ ದೋಷ ಸಿಕ್ಕಿತು.

"ತಾಳ ಸ್ವಲ್ಪ ಜಾರಲತ್ತದ ನೋಡು," ಎಂದೆ. "ಸಾಲಿನ ಕೊನಿಗಿ ತಡವರಿಸತಿ. ಮ್ಯಾಲಿನ ಸ್ವರನೂ ನಿಲ್ಲವಲ್ದು."

ಅವಳು ಹಿಟ್ಟಿನ ಕೈ ಹಾಗೇ ಹಿಡಿದು, "ಹೌದ್ರಿ?" ಎಂದಳು.

ಆ 'ಹೌದ್ರಿ'ಯನ್ನು ನಾನು ಶಿಷ್ಯೆಯ ವಿನಯವೆಂದು ತಿಳಿದೆ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ, ನನಗೆ ಬೆಳಗಾಗುವುದನ್ನು ಕಾಯುವಷ್ಟೂ ತಾಳ್ಮೆ ಉಳಿಯಲಿಲ್ಲ. ಆ ವಾರ ದಿನಕ್ಕೊಂದು ಚೀಟಿ ಕಟ್ಟಿದೆ. ಒಂದು ದಿನ ಉಸಿರು ಎಳೆದದ್ದು ಕೇಳಿಸಿತೆಂದೆ, ಇನ್ನೊಂದು ದಿನ ಭಾವ ಸಾಲದೆಂದೆ. ಶುಕ್ರವಾರ ಅವಳ ಪಂಚಮ ದಣಿದಿದೆ ಎಂದೆ. ಪಂಚಮ ಎಲ್ಲಿರುತ್ತದೆಂದು ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನ ವಾರ ಮನೆ ಬಹಳ ಪ್ರಶಾಂತವಾಗಿತ್ತು. ಓದಲು ಅನುಕೂಲವಾಯಿತೆಂದು ನಾನು ಹಿಂದಿನ ಸಂಚಿಕೆಗಳನ್ನೂ ತರಿಸಿಕೊಂಡೆ. ರೊಟ್ಟಿಗಳು ಸ್ವಲ್ಪ ದಪ್ಪಗಾಗಿದ್ದವು, ಮಳೆಗಾಲದ ಹಿಟ್ಟು ಎಂದುಕೊಂಡೆ. ಹತ್ತು ದಿನದ ಮೇಲೆ ಮೇಲಿನ ಮನೆಯ ಮರಾಠಿ ಚಿಕ್ಕಮ್ಮ, ನಾವೆಲ್ಲ ಕಾಕು ಎನ್ನುವವರು, ಕೆಳಗಿಳಿದು ಬಂದು, "ವಹಿನಿಂಚೀ ತಬ್ಯೇತ್ ಬರೀ ಆಹೇ ನಾ?" ಎಂದು ನನ್ನ ಹೆಂಡತಿಯ ಆರೋಗ್ಯ ವಿಚಾರಿಸಿದರು. ಅವಳ ಎರಡನೇ ಹಾಡಿಗೆ ಕಾಕು ಒಲೆ ಹಚ್ಚುತ್ತಿದ್ದರಂತೆ, ಮೂರನೆಯದಕ್ಕೆ ಗಂಡನಿಗೆ ಊಟದ ಡಬ್ಬಿ ಕಟ್ಟುತ್ತಿದ್ದರಂತೆ. ಈಗ ಹಾಡಿಲ್ಲದೆ ಅವರ ಯಜಮಾನರು ಎರಡು ಸಲ ಡಬ್ಬಿಯಿಲ್ಲದೆ ಕೆಲಸಕ್ಕೆ ಹೋಗಿದ್ದಾರೆ. ಕನ್ನಡದ ಒಂದು ಮಾತೂ ತಿಳಿಯದ ಹೆಂಗಸು ಹಾಡು ನಿಂತದ್ದನ್ನು ಮೊದಲ ದಿನವೇ ಗಮನಿಸಿದ್ದರು. ಸಂಗೀತ ಪತ್ರಿಕೆಯ ಚಂದಾದಾರನಾದ ನಾನು ಗಮನಿಸಿರಲಿಲ್ಲ.

ನನಗೆ ನಾಚಿಕೆಯಾಯಿತು, ಆಮೇಲೆ ಹೆದರಿಕೆಯಾಯಿತು. ಅಡುಗೆಮನೆಗೆ ಹೋಗಿ, "ಹಾಡು ನೀ, ನಾ ಏನೂ ಅನ್ನಂಗಿಲ್ಲ" ಎಂದೆ.

"ಸಿಟ್ಟಿಲ್ರಿ ನನಗ," ಎಂದಳು ಮಹಾನಂದಾ. "ಬಾಯಿ ತೆಗದ್ರ ಎಲ್ಲಿ ತಪ್ಪತೀನೋ ಅಂತ ಮೊದಲ ನೆಪ್ಪಾಗತದ. ತಪ್ಪು ನೆಪ್ಪಾದ್ರ ಪದಾ ಮರೀತದ. ಏನ್ ಮಾಡ್ಲಿ?"

ಸಿಟ್ಟಾಗಿದ್ದರೆ ಸೀರೆಯಿಂದಲೋ ತವರಿನ ಪ್ರಯಾಣದಿಂದಲೋ ಸರಿಮಾಡಬಹುದಿತ್ತು. ಇದಕ್ಕೆ ಮದ್ದು ಎಲ್ಲಿದೆ? ಪತ್ರಿಕೆಯ ಹಳೆಯ ಸಂಚಿಕೆಗಳನ್ನೆಲ್ಲ ಹರಡಿಕೊಂಡು ಹುಡುಕಿದೆ. ಹಾಡುವವರ ಬಾಯಿ ಮುಚ್ಚಿಸುವ ವಿಧಾನ ಸಾಕಷ್ಟು ಸಿಕ್ಕಿತು, ಮುಚ್ಚಿದ ಬಾಯಿಯನ್ನು ಮತ್ತೆ ತೆರೆಸುವ ಬಗ್ಗೆ ಒಂದು ಸಾಲೂ ಇರಲಿಲ್ಲ.

ಇಂಥ ಹೊತ್ತಿನಲ್ಲೇ ಸಂಭಾಜಿನಗರದಿಂದ, ಅಂದರೆ ಹಳೆಯ ಔರಂಗಾಬಾದಿನಿಂದ, ಅವಳ ತಮ್ಮ ಶರಣುವಿನ ಫೋನು ಬಂತು. ಮಗಳಿಗೆ ತೊಟ್ಟಿಲ ಕಾರ್ಯಕ್ರಮ, ಹೆಸರಿಡಲು ಅಕ್ಕನೇ ಬರಬೇಕು. ನಮ್ಮಲ್ಲಿ ಕೂಸಿನ ಕಿವಿಯಲ್ಲಿ ಹೆಸರು ಹೇಳುವುದು ಸೋದರತ್ತೆಯ ಹಕ್ಕು, ತೊಟ್ಟಿಲ ಪದ ಎತ್ತುವುದೂ ಅವಳೇ. ಶರಣುವಿಗೆ ಏಳೆಂಟು ವರ್ಷ ಕಾದು ಹುಟ್ಟಿದ ಕೂಸು ಅದು. ಬಸ್ಸಿನಲ್ಲಿ ಮಹಾನಂದಾ ಕಿಟಕಿಯ ಕಡೆ ಮುಖ ಮಾಡಿ ತುಟಿ ಅಲ್ಲಾಡಿಸುತ್ತಿದ್ದಳು, ಪದ ನೆನಪಿಸಿಕೊಳ್ಳುತ್ತಿದ್ದಾಳೆಂದು ತಿಳಿಯಿತು. ಎರಡು ಸಾಲು ಹೋಗಿ ತುಟಿ ನಿಲ್ಲುತ್ತಿತ್ತು, ಮತ್ತೆ ಮೊದಲಿನಿಂದ. ಗಂಗಾಪುರದ ಕವಲುದಾರಿ ದಾಟಿದ ಮೇಲೆ ಆ ಪ್ರಯತ್ನವನ್ನೂ ಬಿಟ್ಟಳು.

ಶರಣುವಿನ ಮನೆಯಲ್ಲಿ ಹೆಂಗಸರು ತುಂಬಿದ್ದರು. ಹಿರಿಯರದು ಕಲಬುರಗಿ ಕನ್ನಡ, ಹುಡುಗಿಯರದು ಮರಾಠಿ, ಜಗಳ ಬಂದರೆ ಇಬ್ಬರದೂ ಹಿಂದಿ. ಮಹಾನಂದಾ ಬಗ್ಗಿ ಕೂಸಿನ ಕಿವಿಯಲ್ಲಿ ಹೆಸರು ಹೇಳಿದಳು, ಪದ್ಧತಿಯಂತೆ ಉಳಿದವರು ಅವಳ ಬೆನ್ನಿಗೆ ನಗುನಗುತ್ತ ಗುದ್ದಿದರು. ಹೆಸರು ಆಯಿತು, ಇನ್ನು ಪದ. ಅವಳು ತೊಟ್ಟಿಲ ಹಗ್ಗ ಹಿಡಿದು ಎರಡು ಸಲ ತೂಗಿದಳು, ಪದ ಎತ್ತಲಿಲ್ಲ. ಮೊದಲು ಒಡಪು ಹೇಳಲೆಂದು ಯಾರೋ ಕೂಗಿದರು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದ ನಮ್ಮ ಹೆಂಗಸರು ಇಂಥ ದಿನ ಪ್ರಾಸದಲ್ಲಿ ಸೇರಿಸಿ ಹೇಳುತ್ತಾರೆ. ಪ್ರಾಸದ ಮರೆಯಲ್ಲಿ ಏನು ಹೇಳಿದರೂ ಗಂಡ ಸಿಟ್ಟಾಗುವಂತಿಲ್ಲ. ಮಹಾನಂದಾ ಒಂದು ಗಳಿಗೆ ನನ್ನ ಕಡೆ ನೋಡಿ ಹೇಳಿದಳು:

"ಅಂಗಳ ಸಾರಿಸಿ ರಂಗೋಲಿ ಇಟ್ಟ್ಯಾರ,
ಬಸವರಾಜರು ನನ್ನ ಪದಕ್ಕ ಹಳದಿ ಚೀಟಿ ಕಟ್ಟ್ಯಾರ."

ಚೀಟಿಯ ಸಂಗತಿ ಅವರಿಗೆಲ್ಲ ಅರ್ಥವಾಗಲು ಎರಡು ನಿಮಿಷವೂ ಬೇಕಾಗಲಿಲ್ಲ, ಅವಳೇ ಬಿಡಿಸಿ ಹೇಳಿದಳು. ಶರಣುವಿನ ಅತ್ತೆ, ಹಲ್ಲಿಲ್ಲದ ಗಟ್ಟಿ ಮುದುಕಿ, ನನ್ನನ್ನು ಬಾಗಿಲ ಹತ್ತಿರದಿಂದ ಕರೆಸಿದರು. "ಬರ್ರಿ ಸಾಹೇಬ್ರ. ತಪ್ಪು ಗೊತ್ತಿದ್ದವರಿಗಿ ಸರಿ ಯಾವ್ದಂತ ಗೊತ್ತಿರಬೇಕಲ್ರಿ. ಈ ಪದಾ ನೀವೇ ಹಾಡ್ರಿ. ಕೂಸು ಕಾಯಲತ್ತದ."

ನಾನು ಏನೇನೋ ಹೇಳಿ ನೋಡಿದೆ. ಮುದುಕಿ ಹಗ್ಗವನ್ನು ನನ್ನ ಕೈಗೆ ಕೊಟ್ಟೇಬಿಟ್ಟರು. ಹುಡುಗಿಯರು ಮೊಬೈಲು ಎತ್ತಿ ಹಿಡಿದರು. ಇಷ್ಟು ವರ್ಷ ಕಿವಿಯ ಮೇಲೆ ಬಿದ್ದ ಜೋಗುಳ, ಒಂದು ಸಾಲಾದರೂ ಬಂದೀತೆಂದು ಕಣ್ಣು ಮುಚ್ಚಿದೆ, ಹಲ್ಲು ಕಚ್ಚಿದೆ, ಕತ್ತು ಚಾಚಿದೆ, ಬಾಯಿ ಬಿಟ್ಟೆ. ಬಂದ ಧ್ವನಿಗೆ ಕೂಸು ಬೆಚ್ಚಿಬಿದ್ದು, ತೊಟ್ಟಿಲೊಳಗೆ ಕೆಂಪಾಗಿ, ಕಿರುಚಿ ಅಳತೊಡಗಿತು. ನನ್ನ ಬದುಕಿನ ಏಕೈಕ ಪ್ರಾಮಾಣಿಕ ವಿಮರ್ಶೆ ಅದು.

"ಸರೀರಿ ಆ ಕಡಿ," ಎಂದು ಮಹಾನಂದಾ ನನ್ನ ಕೈಯಿಂದ ಹಗ್ಗ ಕಿತ್ತುಕೊಂಡಳು. ಅಳುವ ಕೂಸಿನ ಮುಂದೆ ಅವಳಿಗೆ ತಾಳ, ಸ್ವರ, ನಾನು, ಯಾವುದೂ ನೆನಪಿಗೆ ಬಂದ ಹಾಗೆ ಕಾಣಲಿಲ್ಲ. ಹಾಡಿಬಿಟ್ಟಳು. ಮೊದಲ ಸಾಲಿನ ಕೊನೆಯಲ್ಲಿ ತಾಳ ಜಾರಿತು, ನಾನು ದೋಷ ಹಿಡಿದ ಅದೇ ಜಾಗದಲ್ಲಿ. ಆಗ ಕಂಡಿತು. ತೊಟ್ಟಿಲು ಆ ತುದಿಗೆ ಹೋಗಿ, ಒಂದು ಕ್ಷಣ ನಿಂತು, ಈ ಕಡೆ ತಿರುಗುವ ತನಕ ಪದ ಅದಕ್ಕಾಗಿ ಕಾಯುತ್ತಿತ್ತು. ಹೆಂಚಿನ ಮೇಲೆ ರೊಟ್ಟಿ ತಿರುವಿಹಾಕುವ ತನಕ ಕಾದಂತೆ, ಅವಳ ತಾಯಿಯ ಕೈ ಬೀಸುವ ಕಲ್ಲಿಗೆ ಕಾಳು ಹಾಕುವ ತನಕ ಕಾದಂತೆ. ನಾನು ತಡವರಿಕೆ ಎಂದದ್ದು ಅದನ್ನು. ಕೂಸು ಬಿಕ್ಕುತ್ತ ಬಿಕ್ಕುತ್ತ ಸುಮ್ಮನಾಯಿತು. ನನ್ನ ಕಣ್ಣಲ್ಲಿ ನೀರು ಬಂತು, ನಾಲ್ಕು ಜನರೆದುರು ಬಂದರೂ ಒರೆಸಿಕೊಳ್ಳಲಿಲ್ಲ.

ನಾಸಿಕಕ್ಕೆ ಬಂದ ಮರುದಿನ ಬೆಳಿಗ್ಗೆ ಪತ್ರಿಕೆಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿ, ಅಡುಗೆಮನೆಯ ಬಾಗಿಲಲ್ಲಿ ಕೈಕಟ್ಟಿ ಕೂತೆ. ಹಿಟ್ಟು ನಾದುವುದಾಯಿತು, ಹೆಂಚು ಕಾಯಿತು, ಹಾಡು ಮಾತ್ರ ಬರಲಿಲ್ಲ. ಅವಳು ಎರಡು ಸಲ ತಿರುಗಿ ನೋಡಿದಳು.

"ಇವತ್ತು ಓದಾಂಗಿಲ್ಲೇನ್ರಿ?"

"ಇಲ್ಲ. ಓದೋದು ಬಿಟ್ಟೆ. ನಿನ್ನ ಪದಾನೇ ಕೇಳತೀನಿ."

"ಬ್ಯಾಡ್ರಿ," ಎಂದಳು. "ಹಿಂಗ ಬಾಯಿ ನೋಡಕೋತ ಕೂತ್ರ ಹ್ಯಾಂಗ ಹಾಡ್ಲಿ? ನೀವು ಓದಕೋತ ಕುಂದರ್ರಿ. ನಿಮ್ಮ ಲಕ್ಷ್ಯ ಅದರಾಗ ಇತ್ತಂದ್ರ ನಾ ಆರಾಮ ಹಾಡತೀನಿ."

ಹೀಗಾಗಿ ಸಂಗೀತ ಪತ್ರಿಕೆಯ ಆಯ್ಕೆ ಮತ್ತೆ ಮೊದಲಿನಿಂದ ಶುರುವಾಯಿತು. ಈ ಸಲ ಹೆಚ್ಚು ಹೊತ್ತು ಹಿಡಿಯಲಿಲ್ಲ. ಪುಸ್ತಕದಂಗಡಿಯಲ್ಲಿ ಒಂದೊಂದನ್ನೇ ಬಿಡಿಸಿ ಮುಖದ ಮುಂದೆ ಹಿಡಿದು, ಅದರ ಹಿಂದೆ ನಾನು ಕಾಣುತ್ತೇನೆಯೇ ಎಂದು ಅಂಗಡಿಯವನನ್ನು ಕೇಳಿದೆ. ಅವನು ಇಲ್ಲವೆಂದದ್ದನ್ನು ತಂದೆ. ಯಾವ ಭಾಷೆಯದೆಂದು ಮನೆಗೆ ಬಂದ ಮೇಲೆ ನೋಡಿದೆ. ಈಗ ದಿನಾ ಬೆಳಿಗ್ಗೆ ಅದನ್ನು ಅಗಲವಾಗಿ ಬಿಡಿಸಿ ಹಿಡಿದು ಮೂರು ಪದ ಪೂರಾ ಕೇಳುತ್ತೇನೆ. ಪುಟಗಳನ್ನು ಮಾತ್ರ ಆಗಾಗ ಮಗುಚುತ್ತಿರಬೇಕು, ಇಲ್ಲದಿದ್ದರೆ ಅವಳಿಗೆ ಸಂಶಯ ಬರುತ್ತದೆ.