ಬಚ್ಚಲೊಲೆ ಪಕ್ಕದ ಬ್ಯಾಟರಿ

ಜಗತ್ತಿನಲ್ಲಿ ತನ್ನಿಂದ ರಿಪೇರಿಯಾಗದ್ದು ಯಾವುದೂ ಇಲ್ಲ ಎಂದು ಕೊಪ್ಪ ಪೇಟೆಯ ಚಪ್ಪಲಿ ಅಂಗಡಿ ಕಮಾಲುದ್ದೀನ್ ಬಹಳ ವರ್ಷ ನಂಬಿದ್ದ. ಅವನು ಬಿಚ್ಚಿದ ಮಿಕ್ಸಿ, ಫ್ಯಾನು, ಗೋಡೆ ಗಡಿಯಾರಗಳು ಸಾಕ್ಷಿ ಹೇಳುವ ಸ್ಥಿತಿಯಲ್ಲಿ ಉಳಿದಿರಲಿಲ್ಲ, ಹಾಗಾಗಿ ನಂಬಿಕೆಗೆ ಧಕ್ಕೆಯೂ ಬಂದಿರಲಿಲ್ಲ. ಈಗ ಗಿರಾಕಿಗಳಿಗೆ ಇದನ್ನೆಲ್ಲ ಹೇಳಿ ಮೊದಲು ನಗುವವನು ಅವನೇ.

ಆ ಮಳೆಗಾಲದಲ್ಲಿ ಕಾರಿನ ಬ್ಯಾಟರಿ ಸತ್ತದ್ದೂ ಅವನ ಪ್ರತಾಪದಿಂದಲೇ. ಹಳೇ ಕಾರಿಗೆ ಹಾಕಿಸಿದ ಹೊಸ ದೀಪವನ್ನು ಗೆಳೆಯ ಲಕ್ಷ್ಮೀಶನಿಗೆ ತೋರಿಸಿ, ಆರಿಸಲು ಮರೆತು ಮಲಗಿಬಿಟ್ಟ. ಬೆಳಿಗ್ಗೆ ಕೀಲಿ ತಿರುಗಿಸಿದರೆ ಟಿಕ್ ಎಂದದ್ದು ಬಿಟ್ಟರೆ ಉಸಿರೇ ಇಲ್ಲ. ಮರುದಿನ ಅದೇ ಕಾರಿನಲ್ಲಿ ಹೆಂಡತಿ ಅಖ್ತರ್ ಬಾನುವಿಗೆ ಡ್ರೈವಿಂಗ್ ಟೆಸ್ಟ್.

ಐವತ್ತು ದಾಟಿದ ಮೇಲೆ, ನೆಂಟರೆಲ್ಲ ಬಾಯಿಗೆ ಸೆರಗು ಹಿಡಿದು ನಗುತ್ತಿರುವಾಗ, ಅವಳು ಹಟ ಹಿಡಿದು ಕಲಿತಿದ್ದಳು. ತಂಗಿ ಶಾಹೀನ್ ಇರುವುದು ಸೀತೂರಿನಲ್ಲಿ. ಬಸ್ಸು ಹತ್ತಿದರೆ ಅಖ್ತರ್ ಬಾನುವಿಗೆ ವಾಂತಿ. ಗಂಡ ಕರೆದುಕೊಂಡು ಹೋಗುವ ದಿನಕ್ಕೆ ಕಾದು ಕಾದು ಅವಳಿಗೆ ಸಾಕಾಗಿತ್ತು. ಈ ಟೆಸ್ಟ್ ತಪ್ಪಿದರೆ ಮತ್ತೆ ಅದೇ ಕಾಯುವಿಕೆ.

"ಹೆದರ್ಬೇಡ ಮಾರಾಯ್ತಿ, ನನ್ನ ಹತ್ರ ಚಾರ್ಜರ್ ಉಂಟು!" ಎಂದ ಕಮಾಲುದ್ದೀನ್. ಕೊಂಡ ಮೇಲೆ ಒಮ್ಮೆಯೂ ಬಳಸದ ಸಾದಾ ಚಾರ್ಜರ್ ಅದು. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವನು ಹಗಲಲ್ಲೇ ಹಿಡಿದ. ಮಳೆಗಾಲದಲ್ಲಿ ಈ ಊರಿನವರು ಒದ್ದೆ ಕೊಡೆ, ಕಾಲುಚೀಲ, ನೀರೊಡೆದ ಉಪ್ಪು, ಥಂಡಿ ಹಿಡಿದದ್ದೆಲ್ಲವನ್ನೂ ಬಚ್ಚಲೊಲೆಯ ಪಕ್ಕಕ್ಕೆ ತಂದಿಡುತ್ತಾರೆ. ಬ್ಯಾಟರಿಗೂ ಥಂಡಿಯೇ ಹಿಡಿದಿರಬೇಕೆಂದು ಅವನು ತೀರ್ಮಾನಿಸಿದ. ಅದನ್ನು ಕಾರಿನಿಂದ ಬಿಚ್ಚಿ, ಧಗಧಗ ಉರಿಯುವ ಒಲೆಯ ಮುಂದೆ ಕೂರಿಸಿ, ಅಡುಗೆಮನೆಯಿಂದ ವೈರು ಎಳೆದು ತಂದ.

ಅಖ್ತರ್ ಬಾನು ಬಂದು ನೋಡಿದವಳು ಚೀರಿದಳು. "ಯಾ ಅಲ್ಲಾ! ಎಂತ ಮಾಡ್ತಿದ್ದೀರಿ? ಚಾರ್ಜ್ ಆಗುವಾಗ ಅದ್ರಿಂದ ಗ್ಯಾಸ್ ಬರ್ತದೆ. ಒಂದು ಕಿಡಿ ತಾಗಿದ್ರೆ ಸಾಕು, ಸಿಡೀತದೆ. ಡ್ರೈವಿಂಗ್ ಕ್ಲಾಸಲ್ಲಿ ಶರ್ಮಿಳಾ ಮೇಡಂ ಎಷ್ಟು ಸಲ ಹೇಳಿದ್ದಾರೆ!"

ಕಮಾಲುದ್ದೀನ್ ಕೈಲಿದ್ದ ವೈರು ಕೆಳಗೆ ಹಾಕಿದ. ಗಡಿಯಾರ ಹಾಳಾದರೆ ಹೊತ್ತು ಗೊತ್ತಾಗುವುದಿಲ್ಲ, ಅಷ್ಟೇ. ಇಲ್ಲಿ ಮುಖವೇ ಹೋಗುತ್ತಿತ್ತು, ಅದೂ ಇಬ್ಬರದು. ಬ್ಯಾಟರಿಯನ್ನು ಎತ್ತಿಕೊಂಡು ಗಾಳಿಯಾಡುವ ಜಗಲಿಗೆ ನಡೆದ. ಅಖ್ತರ್ ಬಾನು ಚಾರ್ಜರ್ ಹಿಡಿದು ಹಿಂದೆಯೇ ಬಂದಳು.

"ಕನ್ನಡಕ ಹಾಕ್ಕೊಳ್ಳಿ, ಒಳಗೆ ಆಸಿಡ್ ಇರ್ತದೆ. ಸ್ವಿಚ್ ಆಫ್ ಉಂಟಾ ನೋಡಿ. ಕೆಂಪು ಕ್ಲಿಪ್ಪು ಪ್ಲಸ್ಸಿಗೆ, ಕಪ್ಪು ಮೈನಸ್ಸಿಗೆ. ಹಾಂ, ಈಗ ಆನ್ ಮಾಡಿ. ಇದನ್ನ ಬಿಟ್ಟು ಎಲ್ಲೂ ಹೋಗ್ಬೇಡಿ. ಈ ಚಾರ್ಜರಿಗೆ ತಾನಾಗಿ ನಿಲ್ಲೋದು ಗೊತ್ತಿಲ್ಲ, ನಿಮ್ಮ ಬಾಯಿ ಹಾಗೇ. ಬ್ಯಾಟರಿ ಬಿಸಿಯಾದ್ರೆ, ಕೆಟ್ಟ ವಾಸನೆ ಬಂದ್ರೆ ಕೂಡಲೇ ಆಫ್ ಮಾಡಿ."

ಮಾಡಿದ್ದುಣ್ಣೋ ಮಹಾರಾಯ. ಅಂಗಡಿ ಮುಚ್ಚಿ ಇಡೀ ಹಗಲು ಜಗಲಿಯಲ್ಲಿ ಕೂತ. ದಾರಿಯಲ್ಲಿ ಹೋಗುತ್ತಿದ್ದ ಲಕ್ಷ್ಮೀಶ, "ಎಂತ ಮಾರಾಯ, ವ್ಯಾಪಾರ ಇಲ್ವನಾ?" ಎಂದು ಕೇಳಿದ. "ಬ್ಯಾಟರಿಗೆ ಬಾಣಂತನ ಮಾಡ್ತಿದ್ದೀನಿ, ಹೋಗು" ಎಂದ ಇವನು.

ಸಂಜೆ ಬ್ಯಾಟರಿ ತುಂಬಿ, ಚಾರ್ಜರಿನ ಮುಳ್ಳು ಇಳಿದು ನಿಂತಿತು. ಅವನು ಸೀದಾ ಕ್ಲಿಪ್ಪಿಗೆ ಕೈ ಹಾಕಲು ಹೋದ. "ಮೊದ್ಲು ಸ್ವಿಚ್!" ಎಂದು ಒಳಗಿನಿಂದಲೇ ಕೂಗು ಬಂತು. ಆಫ್ ಮಾಡಿಯೇ ತೆಗೆದ. ಬೆಳಿಗ್ಗೆ ಬ್ಯಾಟರಿ ಕೂರಿಸಿದ ಮೇಲೆ ಕಾರು ಒಂದೇ ಸಲಕ್ಕೆ ಎದ್ದಿತು. ಅಖ್ತರ್ ಬಾನು ಟೆಸ್ಟ್ ಪಾಸಾದಳು.

ಲೈಸೆನ್ಸ್ ಕೈಗೆ ಬಂದ ದಿನ ಅವಳು ಸೀತೂರಿಗೆ ಹೊರಟಳು. ಕಮಾಲುದ್ದೀನ್ ಕೇಳದೆಯೇ ಪಕ್ಕದ ಸೀಟಿನಲ್ಲಿ ಹೋಗಿ ಕೂತ.

"ನೀವೆಲ್ಲಿಗೆ? ಅಂಗಡಿ ಯಾರು ನೋಡ್ತಾರೆ? ಇಳೀರಿ."

ಇಳಿದ. ಕಾರು ತಿರುವಿನಲ್ಲಿ ಮರೆಯಾದ ಮೇಲೂ ಬಾಗಿಲಲ್ಲೇ ನಿಂತಿದ್ದ. ಇಷ್ಟು ವರ್ಷ ಅವನು ಕಾರು ಹತ್ತಿ ಹೊರಟಾಗಲೆಲ್ಲ ಅದೇ ಜಾಗದಲ್ಲಿ ಅವಳು ನಿಂತಿರುತ್ತಿದ್ದಳು, ಅವನು ಒಮ್ಮೆಯೂ ತಿರುಗಿ ನೋಡಿರಲಿಲ್ಲ. ಅವನಿಗೆ ನಾಚಿಕೆಯಾಯಿತು.