ಕೆಳಗಿನ ಬಾವಿಯ ಓಣಿ

ಮೊನ್ನೆ ಹೊಸ್ತಿಲು ಎಡವಿ ಹೆಬ್ಬೆರಳಿನ ಉಗುರು ಕಿತ್ತುಬಂತು. ಹುಮನಾಬಾದಿನ ಆಸ್ಪತ್ರೆಯಲ್ಲಿ ನರ್ಸಮ್ಮ ಗಾಯದ ಮೇಲೆ ಹಳದಿ ಪುಡಿ ಉದುರಿಸಿದಳು. ಆ ಪುಡಿಯ ಘಾಟು ನಿಮಗೂ ಗೊತ್ತಿರಬಹುದು, ಮೂಗಿಗೆ ಹತ್ತಿದರೆ ದಿನವಿಡೀ ಬಿಡುವುದಿಲ್ಲ. ನನ್ನನ್ನು ಅದು ಮೂವತ್ತೈದು ವರ್ಷಗಳಿಂದ ಬಿಟ್ಟಿಲ್ಲ. ಆ ಘಾಟೆಂದರೆ ನನಗೆ ಖಾದರ್ ಡಾಕ್ಟರು.

ನಾನಾಗ ಈಗಿನ ಬಸವಕಲ್ಯಾಣದಲ್ಲಿ, ಅಂದರೆ ಆಗ ನಮ್ಮ ಬಾಯಲ್ಲಿ ಬರೀ ಕಲ್ಯಾಣವಾಗಿದ್ದ ಊರಿನಲ್ಲಿ, ಶಾಲೆಯ ಮಾಸ್ತರ. ನಿಜಾಮರ ಕಾಲ, ಸರ್ಕಾರಕ್ಕೆ ಬರೆಯುವುದೆಲ್ಲ ಉರ್ದುವಿನಲ್ಲಿ. ನನ್ನ ಉರ್ದು ಅಕ್ಷರ ಮುತ್ತಿನಂತಿದೆ ಎಂದು ನಾಲ್ಕು ಜನ ಹೇಳಿದ್ದರು. ಐದನೆಯವನಾಗಿ ನಾನೂ ಹೇಳಿಕೊಂಡು ತಿರುಗುತ್ತಿದ್ದೆ. ದವಾಖಾನೆಯ ಖಾದರ್ ಡಾಕ್ಟರ ಅಕ್ಷರ ಮಾತ್ರ ಅವರಿಗೇ ತಿಳಿಯುತ್ತಿರಲಿಲ್ಲ. ಹಾಗಾಗಿ ಅವರ ಅರ್ಜಿಗಳೆಲ್ಲ ನನ್ನ ಕೈಗೆ ಬರುತ್ತಿದ್ದವು.

ಅವರಿಗೆ ಒಂದೇ ಚಿಂತೆ, ನಾರುಹುಣ್ಣು. ಇವತ್ತಿನ ಮಕ್ಕಳು ಅದನ್ನು ನೋಡಿಲ್ಲ, ಪುಣ್ಯವಂತರು. ಮೆಟ್ಟಿಲು ಬಾವಿಯ ನೀರು ಕುಡಿದ ವರ್ಷಕ್ಕೆ ಕಾಲಿನಿಂದ ಬಿಳಿ ದಾರದಂಥ ಹುಳ ಹೊರಬರುತ್ತಿತ್ತು. ಕಡ್ಡಿಗೆ ಸುತ್ತಿ, ದಿನಕ್ಕೊಂದಿಷ್ಟು ಎಳೆಯಬೇಕು. ಹರಿದರೆ ಕಾಲೇ ಹೋದಂತೆ.

ಸಂಶೋಧನೆಗೆ ಹಣ ಬೇಕೆಂದು ಹೈದರಾಬಾದಿಗೆ ಉದ್ದನೆಯ ಅರ್ಜಿ ಬರೆದೆವು. ಔಷಧಿ ಬೇಕು, ಬಾವಿ ಮುಚ್ಚಬೇಕು, ಪಂಪು ಹಾಕಬೇಕು, ಜನ ಸಾಯುತ್ತಿದ್ದಾರೆ ಎಂದೆಲ್ಲ ಅದರಲ್ಲಿತ್ತು. ಅದು ಹಾಗೇ ತಿರುಗಿ ಬಂತು. ಅಂಚಿನಲ್ಲಿ ಒಬ್ಬ ಅಧಿಕಾರಿ ಒಂದೇ ಸಾಲು ಬರೆದಿದ್ದ: ನೀವು ತಿಳಿಯಬೇಕೆಂದಿರುವುದು ಏನು?

ನನಗೆ ಉರಿದುಹೋಯಿತು. ಡಾಕ್ಟರು ಮಾತ್ರ ಎರಡು ಸಲ ಓದಿ ತಲೆಯಾಡಿಸಿದರು. "ಅವ ಹೇಳೋದು ಖರೇ ಅದರಿ, ಮಾಸ್ತರ. ನಮ್ಮ ಅರ್ಜಿಯಾಗ ಸಂಕಟ ಭಾಳ ಅದ, ಸವಾಲ್ ಇಲ್ಲ."

ಅಂದಿನಿಂದ ಆ ಸವಾಲು, ಅಂದರೆ ಸರಿಯಾದ ಪ್ರಶ್ನೆ, ಹುಡುಕುವುದೇ ಕೆಲಸವಾಯಿತು. ರೋಗ ನೀರಿನ ಸಣ್ಣ ಹುಳುವಿನಿಂದ ಬರುತ್ತದೆಂದು ಪುಸ್ತಕಗಳಲ್ಲಿತ್ತು. ನೀರನ್ನು ಬಟ್ಟೆಯಲ್ಲಿ ಸೋಸಿದರೆ ಸಾಕೆಂದೂ ಇತ್ತು. ಆದರೆ ನಮ್ಮ ಹೆಂಗಸರು ವರ್ಷವಿಡೀ ಸೋಸುತ್ತಾರೆಯೇ? ಮನೆಯಲ್ಲಿ ಸೋಸಿ, ಹೊಲದಲ್ಲಿ ಹಾಗೇ ಕುಡಿದರೆ ಉಪಯೋಗವುಂಟೇ? ಕೊನೆಗೆ ಎಲ್ಲವೂ ಒಂದೇ ಪ್ರಶ್ನೆಗೆ ಬಂದು ನಿಂತಿತು. ಮನೆಗೊಂದು ಬಟ್ಟೆ ಕೊಟ್ಟರೆ, ಬರೀ ಅಷ್ಟರಿಂದ ಒಂದು ಓಣಿಯ ರೋಗ ಇಳಿಯುತ್ತದೆಯೇ?

ಡಾಕ್ಟರು ಮೋರಖಂಡಿಯನ್ನು ಆರಿಸಿದರು. ಅಲ್ಲಿ ಮೇಲೊಂದು ಬಾವಿ, ಕೆಳಗೊಂದು ಬಾವಿ. ಎರಡೂ ಕಡೆಯ ಮನೆಗಳ ಪಟ್ಟಿಯನ್ನು ನಾನೇ ಮುತ್ತಿನಂಥ ಅಕ್ಷರದಲ್ಲಿ ಬರೆದೆ. ಬುದ್ಧಿ ಹೇಳಿದವನೂ ನಾನೇ. "ಮ್ಯಾಲಿನ ಬಾವಿಯವರಿಗಷ್ಟೇ ಅರಿವಿ ಕೊಡೋಣ್ರಿ. ವರ್ಷಾದ ಮ್ಯಾಲ ಫರಕ್ ಕಣ್ಣಿಗಿ ಕಾಣ್ತದ."

"ಕೆಳಗಿನವರಿಗಿ ಏನ್ ಹೇಳೋದ್ರಿ?"

"ಏನೂ ಹೇಳೋದು ಬ್ಯಾಡ್ರಿ. ಒಂದು ವರ್ಷದ ಮಾತು."

ಎರಡು ದಿನ ಅವರು ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ಮೂರನೆಯ ದಿನ ಒಪ್ಪಿದರು.

ಅವರಿಗೆ ಗೊತ್ತಿಲ್ಲದ ಸಂಗತಿಯೊಂದಿತ್ತು. ನನ್ನ ತಂಗಿ ಶಿವಮ್ಮನನ್ನು ಮೋರಖಂಡಿಗೆ ಕೊಟ್ಟಿದ್ದೆವು, ಕೆಳಗಿನ ಬಾವಿಯ ಓಣಿಗೇ. ಹೇಳಿದ್ದರೆ ಡಾಕ್ಟರು ಆ ಊರನ್ನೇ ಕೈಬಿಡುತ್ತಿದ್ದರು. ಹಂಚಿದ ದಿನ ಉಳಿದ ಬಟ್ಟೆ ಚೀಲದಲ್ಲಿಟ್ಟುಕೊಂಡೇ ಅವಳ ಮನೆಗೆ ಹೋಗಿ ಕೂತು ಬಂದೆ. ಒಂದು ತುಂಡು ಕೊಟ್ಟರೆ ಅವಳು ನೆರೆಮನೆಗೆ ಹೇಳುತ್ತಾಳೆ, ಓಣಿಯೆಲ್ಲ ಸೋಸತೊಡಗುತ್ತದೆ, ಲೆಕ್ಕ ಕೆಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಮರುವರ್ಷ ಫರಕ್ ಕಣ್ಣಿಗೆ ಕಂಡಿತು. ಮೇಲಿನ ಓಣಿಯಲ್ಲಿ ಕುಂಟುವವರು ವಿರಳ. ಕೆಳಗಿನ ಓಣಿಯಲ್ಲಿ ಮನೆಮನೆಗೂ ಕಡ್ಡಿ. ಶಿವಮ್ಮನಿಗೆ ಮೊಣಕಾಲಿನಲ್ಲೇ ಹೊರಟಿತು. ಅತ್ತೆ ಅವಸರದಲ್ಲಿ ಎಳೆದಳು, ಹುಳ ಹರಿಯಿತು. ಕಾಲು ಕೊಳೆತು ಬಾತಾಗ ಗಂಡ ಗಾಡಿಯಲ್ಲಿ ತಂದು ನನ್ನ ಮನೆಯ ಕಟ್ಟೆಯ ಮೇಲೆ ಇಳಿಸಿ ಹೋದ. ಮತ್ತೆ ಬರಲಿಲ್ಲ. ಸುಗ್ಗಿ ಮುಗಿಯುವುದರೊಳಗೆ ಬೇರೆ ಮದುವೆಯಾದ.

ಡಾಕ್ಟರು ನನ್ನ ಮನೆಗೇ ಬಂದು ಕೀವು ತೆಗೆದು, ಹಳದಿ ಪುಡಿ ತುಂಬಿ, ಯಾವ ಊರಮ್ಮಾ ಎಂದು ಕೇಳಿದರು. ಅವಳು ಊರು ಹೇಳಿ, ಕೆಳಗಿನ ಬಾವಿಯ ಓಣಿ ಎಂದಳು. ಅವರ ಕೈ ಅಲ್ಲೇ ನಿಂತಿತು. ಹೊರಗೆ ಬಂದು ನನಗೆ ಇಷ್ಟೇ ಅಂದರು: "ಪಟ್ಟಿಯಾಗ ಈಕಿ ಹೆಸರು ನೀವೇ ಬರದೀರಿ."

ಅದೇ ದಿನ ಕೆಳಗಿನ ಓಣಿಗೆಲ್ಲ ಬಟ್ಟೆ ಹಂಚಿ ಬಂದರು. ಆಮೇಲೆ ಹೊಸ ಅರ್ಜಿಯನ್ನು ತಮ್ಮ ಗೀಚು ಅಕ್ಷರದಲ್ಲಿ ತಾವೇ ಬರೆದು ಕಳಿಸಿದರು. ಹಣ ಮಂಜೂರಾಯಿತು. ವಿಚಾರ ಬಹಳ ಸ್ಪಷ್ಟವಾಗಿದೆ ಎಂಬ ಮೆಚ್ಚುಗೆಯೂ ಬಂದಿತ್ತಂತೆ, ಕಂಪೌಂಡರ್ ಹೇಳಿದ. ಡಾಕ್ಟರು ಹಳ್ಳಿಹಳ್ಳಿ ತಿರುಗಿದರು, ಎಷ್ಟೋ ಕಾಲು ಉಳಿಸಿದರು. ನನ್ನ ಮನೆಯ ಮೆಟ್ಟಿಲು ಮತ್ತೆ ಹತ್ತಲಿಲ್ಲ. ನಿಜಾಮರ ಆಳ್ವಿಕೆ ಮುಗಿದ ಗಲಾಟೆಯಲ್ಲಿ ಊರು ಬಿಟ್ಟರೆಂದು ಕೇಳಿದೆ, ಎಲ್ಲಿಗೆ ಹೋದರೋ ತಿಳಿಯದು.

ಶಿವಮ್ಮ ಅಂದಿನಿಂದ ನನ್ನ ಜೊತೆಗೇ ಇದ್ದಾಳೆ. ಕಾಲು ಮಡಚಿದ್ದು ಮಡಚಿದಂತೆಯೇ ಇದೆ. ಮೊನ್ನೆ ಆಸ್ಪತ್ರೆಯಿಂದ ಬಂದವನೇ ಅವಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ.

ಮಡಚಿದ ಕಾಲಿನ ಮೇಲೆ ಸೆರಗು ಎಳೆದುಕೊಂಡಳು. ಆಮೇಲೆ ಅಂದಳು: "ಅವತ್ತ ನಮ್ಮ ಮನಿಗಿ ಬಂದಾಗ ನೀರ ಕೊಟ್ರ ಬ್ಯಾಡಂದಿ, ಅಣ್ಣ. ಬಿಸಿಲಾಗ ನಡಕೊಂತ ಬಂದು ನೀರಡಿಕಿ ಇಲ್ಲ ಅಂದಿ. ನಾ ಅದ್ಯಾಕಂತ ಭಾಳ ದಿನ ವಿಚಾರ ಮಾಡೀನಿ."

ನಿಜ ಹೇಳುತ್ತೇನೆ, ಅದು ನನಗೆ ನೆನಪೇ ಇರಲಿಲ್ಲ.

ಇವತ್ತಿಗೆ ನಾಲ್ಕು ದಿನ. ಹೊತ್ತಿಗೆ ಸರಿಯಾಗಿ ತಾಟು ತಂದಿಡುತ್ತಾಳೆ. ಅಣ್ಣ ಅನ್ನುವುದಿಲ್ಲ.