ಹಡಗಿನ ಹಾಡು ಶುರುವಾಗುವ ಮೊದಲು

ನಾನು ನನ್ನ ಹೆಂಡತಿಗೆ ಒಂದು ಸುಳ್ಳು ಹೇಳಿದೆ. ಗಟ್ಟಿಮುಟ್ಟಾಗಿದ್ದ ನನ್ನ ತಾಯಿಯನ್ನು ಮಾತಿನಲ್ಲೇ ನೆಲಕ್ಕೆ ಬೀಳಿಸಿ ಹೇಳಿದ ಸುಳ್ಳು. ಅದನ್ನು ನಂಬಿ ಹೆಂಡತಿ ತನಗೆ ಎಲ್ಲಕ್ಕಿಂತ ಪ್ರಿಯವಾದದ್ದನ್ನು ದೇವರಿಗೆ ಬಿಟ್ಟುಕೊಟ್ಟಳು. ಬಿಟ್ಟುಕೊಡುವುದನ್ನು ನಾನು ಪಕ್ಕದಲ್ಲೇ ಕೂತು ನೋಡಿದೆ. ತಡೆಯಲಿಲ್ಲ — ಆವತ್ತೂ ಇಲ್ಲ, ಆಮೇಲೆ ಯಾವತ್ತೂ ಇಲ್ಲ.

ಇದನ್ನು ಈಗ ಬರೆಯುವುದಕ್ಕೆ ಕಾರಣ ಸಿಟ್ಟು. ಹೋದ ತಿಂಗಳು ನಮ್ಮ ಕನ್ನಡ ಸಂಘದವರು ಹಿರಿಯ ದಂಪತಿಗಳಿಗೆ ಶಾಲು ಹೊದಿಸಿದರು. ನಮ್ಮ ಮಗಳು ಮೈಕ್ ಹಿಡಿದು, "ಸೆವೆಂಟೀಸ್‌ನಾಗ, ಕುರ್ಲಾದ ಚಾಳಿಂದ, ಪಪ್ಪಾ ಮಮ್ಮೀನ ರಾಕ್ ಕಾನ್ಸರ್ಟ್‌ಗೆ ಕರ್ಕೊಂಡ್ ಹೋಗಿದ್ರು. ಇಮ್ಯಾಜಿನ್ ಮಾಡ್ರಿ" ಅಂದಳು. ಚಪ್ಪಾಳೆ. ಕಾರ್ಯದರ್ಶಿಗಳು ನನ್ನ ಬೆನ್ನು ತಟ್ಟಿ, "ಆ ಕಾಲಕ್ಕ ಭಾಳ ಮುಂದಿದ್ರಿ ಬಿಡ್ರಿ ನೀವು" ಎಂದರು. ನಾನು ನಕ್ಕೆ. ತಲೆ ತಗ್ಗಿಸಿ, ವಿನಯದಿಂದ — ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ. ಪಕ್ಕದಲ್ಲಿ ಕಮಲಾ ಶಾಲು ಮಡಚುತ್ತಿದ್ದಳು. ಆ ಕಾನ್ಸರ್ಟಿನ ದಿನದ ಬಗ್ಗೆ ಸ್ಮರಣ ಸಂಚಿಕೆಗೆ ನಾಲ್ಕು ಪುಟ ಬರೆದುಕೊಡಿ ಎಂದರು. ಬರೆಯುತ್ತಿದ್ದೇನೆ. ಅವರು ಕೇಳಿದ್ದು ಇದನ್ನಲ್ಲ.

ನಮ್ಮಪ್ಪ ಬಿಜಾಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವನು. ಅವನು ತೀರಿಹೋದ ಮೇಲೆ ಅವ್ವ ಸಿಮೆಂಟಿನ ಪುಟ್ಟಿ ಹೊತ್ತು ನನ್ನನ್ನು ಸಾಕಿದಳು. ಹಗಲು ಗೋದಿಯಲ್ಲಿ, ಅಂದರೆ ಹಡಗುಕಟ್ಟೆಯಲ್ಲಿ, ತೂಕದ ಗುಮಾಸ್ತಿಕೆ, ಸಂಜೆ ಕಾಲೇಜು — ಆರು ವರ್ಷ ಒದ್ದಾಡಿ ಬಿ.ಎ. ಮಾಡಿದೆ. ನಮ್ಮ ವಂಶದಲ್ಲಿ ಮೊದಲ ಪದವಿ. ಚಾಳಿನ ಬಾಗಿಲಿಗೆ ಹೆಸರಿನ ಹಲಗೆ ಹಾಕಿಸಿದೆ, ಇಂಗ್ಲಿಷಿನಲ್ಲಿ. ಹೆಸರಿಗಿಂತ ಬಿ.ಎ. ಅಕ್ಷರಗಳೇ ದೊಡ್ಡವು. ಆ ಹೆಮ್ಮೆಯನ್ನು ನಾನು ಇವತ್ತಿಗೂ ಅಲ್ಲಗಳೆಯುವುದಿಲ್ಲ. ಅದು ಕಷ್ಟಪಟ್ಟು ಗಳಿಸಿದ್ದು. ಆದರೆ ಅದನ್ನು ಎಲ್ಲಿ ಬಳಸಿದೆ ಎಂಬುದು —

ಕಮಲಾ ನಮ್ಮ ಕಡೆಯವಳೇ, ಬೆಳೆದದ್ದು ವಡಾಲದಲ್ಲಿ. ಮ್ಯಾಟ್ರಿಕ್ ಓದಿದ್ದಳು, ಕನ್ನಡ ಶಾಲೆಯಲ್ಲಿ. ಪಕ್ಕದ ಮನೆಯ ಕ್ರಿಶ್ಚಿಯನ್ನರ ಗ್ರಾಮಫೋನಿನಿಂದ ಅವಳಿಗೆ ಇಂಗ್ಲಿಷ್ ಹಾಡಿನ ಹುಚ್ಚು ಹತ್ತಿತ್ತು. ಅದರಲ್ಲೂ ಬಾಂದ್ರಾದ ಹುಡುಗರ ಒಂದು ತಂಡ, ಡೆರಿಕ್ ಎಂಬ ಹಾಡುಗಾರ. ಅವರ ಹಾಡು ರೇಡಿಯೋದಲ್ಲಿ ಬಂದರೆ ಇವಳ ರೊಟ್ಟಿ ತವೆಯ ಮೇಲೆ ಸೀದುಹೋಗುತ್ತಿತ್ತು. ಒಂದು ಉದ್ದನೆಯ ನೋಟ್‌ಬುಕ್ ಇಟ್ಟಿದ್ದಳು. ಅದರಲ್ಲಿ ಆ ಹಾಡುಗಳನ್ನೆಲ್ಲ ಕಿವಿಗೆ ಬಿದ್ದಂತೆ ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡಿದ್ದಳು. ಅರ್ಥವನ್ನು ಗೆಳತಿ ಲೂರ್ಡ್ಸ್‌ಳನ್ನು ಕೇಳಿ ಕೆಳಗೆ ಸಣ್ಣದಾಗಿ ಬರೆದಿಡುತ್ತಿದ್ದಳು. ಮನೆಯಲ್ಲಿ ಬಿ.ಎ. ಇದ್ದೂ ನನ್ನನ್ನು ಕೇಳುತ್ತಿರಲಿಲ್ಲ. ಯಾಕೆಂದರೆ ಮೊದಲ ಸಲ ಕೇಳಿದಾಗ ನಾನು ನಕ್ಕು, "ಇದೇನ ಇಂಗ್ಲಿಷೇನ? ಇದು ಕಿರಚಾಟ" ಅಂದಿದ್ದೆ. ನಿಜ ಏನೆಂದರೆ, ನನಗೂ ತಿಳಿದಿರಲಿಲ್ಲ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿದ್ದದ್ದು ಅವಳು 'ಹಡಗಿನ ಹಾಡು' ಎನ್ನುತ್ತಿದ್ದ ಹಾಡು. ಗಿಟಾರಿನಲ್ಲಿ ಹಡಗಿನ ಭೋಂಗಾ ಕೂಗಿಸಿ ಶುರುವಾಗುವುದು. ಅವಳ ಅಪ್ಪನೂ ಗೋದಿಯಲ್ಲೇ ಇದ್ದವರು. ಆ ಭೋಂಗಾ ಕೇಳಿಕೊಂಡೇ ಬೆಳೆದವಳು. ಲೂರ್ಡ್ಸ್ ಎರಡು ಟಿಕೆಟ್ ತಂದುಕೊಟ್ಟು, "ಲಾಸ್ಟ್ ಮೇ ವೋ ಹೀ ಗಾಯೇಗಾ" ಎಂದಾಗ — ಕೊನೆಗೆ ಅದನ್ನೇ ಹಾಡುತ್ತಾನೆ ಎಂದಾಗ — ಕಮಲಾ ಹದಿನೈದು ದಿನ ನೆಲದ ಮೇಲೆ ನಡೆಯಲಿಲ್ಲ.

ಭಾನುವಾರ ಮಧ್ಯಾಹ್ನದ ಆಟ, ಧೋಬಿತಲಾವ್ ಕಡೆಯ ಒಂದು ಹಾಲ್. ನಾನು ಟೈ ಕಟ್ಟಿಕೊಂಡು ಹೋದೆ. ಹಾಲ್ ತುಂಬ ಉದ್ದ ಕೂದಲಿನ ಕಾಲೇಜು ಹುಡುಗರು, ಹುಡುಗಿಯರು. ಟೈ ಕಟ್ಟಿದವನು ನಾನೊಬ್ಬನೇ. ಇಳಕಲ್ ಸೀರೆ ಉಟ್ಟವಳು ಕಮಲಾ ಒಬ್ಬಳೇ. ಆದರೆ ಅವಳಿಗೆ ಅದರ ಗೊಡವೆಯೇ ಇರಲಿಲ್ಲ.

ಡೆರಿಕ್ ಬಂದ. ಹಾಲ್ ಎದ್ದು ನಿಂತು ಅವನ ಹೆಸರು ಕೂಗಿತು. ಕಮಲಾ ಕೂಡ ಎದ್ದಳು. ಎರಡೂ ಕೈ ಬಾಯಿಗೆ ಹಚ್ಚಿ, "ಡೆರಿಕ್, ಡೆರಿಕ್" ಎಂದು ಕೂಗಿದಳು.

ಮದುವೆಯಾಗಿ ಐದು ವರ್ಷವಾಗಿತ್ತು. ಅವಳು ಒಮ್ಮೆಯೂ ನನ್ನ ಹೆಸರು ಹೇಳಿದವಳಲ್ಲ. ನಮ್ಮಲ್ಲಿ ಹೇಳುವ ಪದ್ಧತಿಯಿಲ್ಲ. ರೇಷನ್ ಆಫೀಸಿನಲ್ಲಿ ಗಂಡನ ಹೆಸರು ಕೇಳಿದಾಗಲೂ ಚೀಟಿಯ ಮೇಲೆ ಬರೆದುಕೊಟ್ಟು ಬಂದಿದ್ದಳು. ಅಂಥವಳ ಬಾಯಲ್ಲಿ, ಸಾವಿರ ಜನರ ನಡುವೆ, ಪರಗಂಡಸಿನ ಹೆಸರು. ನನ್ನ ಕಿವಿ ಕಾದವು. ಆ ಸುಳ್ಳಿಗೆ ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡು ಬಂದ ಕಾರಣ ಇದು. ಕೇಳುವುದಕ್ಕೆ ಮರ್ಯಾದೆಯ ಕಾರಣ. ಯಾವ ಗಂಡಸಿನ ಮುಂದೆ ಹೇಳಿದರೂ ತಲೆದೂಗುತ್ತಾನೆ.

ಆದರೆ ಅದಲ್ಲ. ಅದಾದ ಮೇಲೂ ನಾನು ಐದಾರು ಹಾಡು ಕೂತು ಕೇಳಿದೆ. ಆಮೇಲೆ ನನ್ನ ಬಲಗಡೆಯ ಕಾಲೇಜು ಹುಡುಗಿ ನನ್ನ ಟೈ ನೋಡಿ, ಈಗ ಏನು ಹಾಡಿದ ಎಂದು ಇಂಗ್ಲಿಷಿನಲ್ಲಿ ಕೇಳಿದಳು. ನನಗೆ ಒಂದು ಶಬ್ದವೂ ಹಿಡಿದಿರಲಿಲ್ಲ. ಟೈ ಸರಿ ಮಾಡಿಕೊಂಡೆ. ಕಮಲಾ ನನ್ನ ಮೇಲಿನಿಂದ ಬಗ್ಗಿ, ಆ ಸಾಲನ್ನು ಪೂರ್ತಿ ಹೇಳಿದಳು, ಅದರ ಅರ್ಥವನ್ನೂ ತನ್ನ ಮುರುಕು ಹಿಂದಿಯಲ್ಲಿ ಹೇಳಿದಳು. ಹುಡುಗಿ ತನ್ನ ಗೆಳತಿಯ ಕಡೆ ತಿರುಗಿ, "ಆಂಟಿ ಕೋ ಸಬ್ ಪತಾ ಹೈ. ಅಂಕಲ್ ತೋ ಖಾಲಿ ಟೈ ಪಹನ್‌ಕೇ ಆಯೇ ಹೈ" ಎಂದಳು. ಆಂಟಿಗೆ ಎಲ್ಲ ಗೊತ್ತು, ಅಂಕಲ್ ಬರೀ ಟೈ ಕಟ್ಟಿಕೊಂಡು ಬಂದಿದ್ದಾರೆ, ಎಂದು ಇಬ್ಬರೂ ನಕ್ಕರು. ಕಮಲಾ ಕೂಡ — ಸ್ವಲ್ಪ, ಪ್ರೀತಿಯಿಂದಲೇ — ನಕ್ಕಳು.

ಆರು ವರ್ಷದ ಸಂಜೆ ಕಾಲೇಜು, ಬಾಗಿಲ ಮೇಲಿನ ಹಲಗೆ, ಎಲ್ಲ ಆ ನಗುವಿನಲ್ಲಿ ಹೋಯಿತು ಅನ್ನಿಸಿತು. ಕಾರಣ ಅದು. ಅಷ್ಟೇ.

ಇಂಟರ್ವಲ್ಲಿನಲ್ಲಿ ಹೊರಗೆ ಹೋದೆ. ಒಂದು ಕಪ್ ಚಹಾ ಕುಡಿದೆ. ಆಟ ಮತ್ತೆ ಶುರುವಾಗಿ ಮುಗಿಯುವ ಹೊತ್ತಿನವರೆಗೂ ಹೊರಗೇ ನಿಂತಿದ್ದೆ. ಹಾಗಾಗಿ ಅದು ಸಿಟ್ಟಿನ ಭರದಲ್ಲಿ ಬಂದ ಮಾತು ಎನ್ನುವಂತಿಲ್ಲ. ಯೋಚಿಸಿ, ಶಬ್ದ ಜೋಡಿಸಿ ಒಳಗೆ ಹೋದೆ. ಕೊನೆಯ ಹಾಡಿಗೆಂದು ಜನ ಮತ್ತೆ ಏಳುತ್ತಿದ್ದರು. ಅವಳ ಭುಜ ಮುಟ್ಟಿ ಹೇಳಿದೆ:

"ಏಳು. ಹೊರಗ ಚಾಳಿನವರು ಬಂದಾರ. ಅವ್ವ ಚಕ್ಕರ್ ಬಂದು ಬಿದ್ದಾಳಂತ. ಮಾತು ನಿಂತೈತಂತ."

ಅವಳು ಚಪ್ಪಲಿಯನ್ನೂ ಸರಿಯಾಗಿ ಮೆಟ್ಟದೆ ಓಡಿದಳು. ನಾವು ಮೆಟ್ಟಿಲು ಇಳಿಯುತ್ತಿದ್ದಾಗ ಹಿಂದೆ ಗಿಟಾರಿನಲ್ಲಿ ಭೋಂಗಾ ಕೂಗಿತು. ಕಮಲಾ ಒಂದು ಮೆಟ್ಟಿಲ ಮೇಲೆ ನಿಂತಳು. ಒಂದೇ ಒಂದು ಕ್ಷಣ. ತಿರುಗಿ ನೋಡಲಿಲ್ಲ. ಮತ್ತೆ ಇಳಿದಳು.

ಹಾರ್ಬರ್ ಲೈನಿನ ಲೋಕಲ್. ಅವಳು ಅಳುತ್ತಿದ್ದಳು. "ನಾ ಅಲ್ಲಿ ಕುಣಕೋತ ನಿಂತಿದ್ದೆ, ಅತ್ತಿ ಇಲ್ಲಿ ಬಿದ್ದಾರ" — ಇದನ್ನೇ ಮತ್ತೆ ಮತ್ತೆ. ವಡಾಲ ಸ್ಟೇಷನ್ ಬಂದಾಗ ಕಣ್ಣು ಮುಚ್ಚಿ, ಸೆರಗು ಒಡ್ಡಿ, ನನಗೆ ಕೇಳುವಷ್ಟು ಜೋರಾಗಿ ಹೇಳಿದಳು: "ತಾಯಿ ಬನಶಂಕರಿ, ಅತ್ತೀನ ಉಳಸಿ ಕೊಡು. ಆ ಇಂಗ್ಲಿಷ್ ಹಾಡು ಒಂದೂ ಇನ್ನ ನಾ ಬದುಕಿರೋತನಕ ಕೇಳೂದಿಲ್ಲ."

ಆಗ ಬಾಯಿ ತೆರೆಯಬಹುದಿತ್ತು. ಕುರ್ಲಾಕ್ಕೆ ಇನ್ನೂ ಎರಡು-ಮೂರು ಸ್ಟೇಷನ್ ಇದ್ದವು. ಒಂದೊಂದು ಸ್ಟೇಷನ್ನಿನಲ್ಲೂ ಗಾಡಿ ನಿಂತಿತು.

ಅವ್ವ ಬಾಗಿಲಲ್ಲಿ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಕಮಲಾ ಹೋಗಿ ಅವಳ ಎರಡೂ ಕೈ ಹಿಡಿದಳು. "ಅತ್ತೀ, ಎಲ್ಲಿ ಪೆಟ್ಟಾತ್ರಿ? ಮಾತಾಡ್ರಿ." ಅವ್ವ ಅವಳ ಹೆಗಲ ಮೇಲಿನಿಂದ ನನ್ನ ಮುಖ ನೋಡಿದಳು. ಅಕ್ಷರ ಬಾರದ ಹೆಂಗಸು, ನನ್ನನ್ನು ಓದಿಬಿಟ್ಟಳು. "ಏನಿಲ್ಲ ಬಿಡವ್ವಾ," ಅಂದಳು. "ಕಣ್ಣಿಗೆ ಕತ್ತಲಿ ಬಂದಿತ್ತು. ನೀ ಬಂದಿ ಅಲಾ, ಹೋತು."

ಮರುದಿನ ಬೆಳಿಗ್ಗೆ ನಳದ ಹತ್ತಿರ ಕೊಡ ಎತ್ತಿಕೊಳ್ಳುತ್ತ ನನಗೆ ಹೇಳಿದಳು: "ಪುಟ್ಟಿ ಹೊತ್ತು ಓದಿಸಿದ್ದು ಇದಕ್ಕೇನೋ? ನನ್ನ ಕೊಂದು ನಿನ್ನ ಮಾನ ಉಳಿಸ್ಕೊಂಡಿ. ನಾ ಖರೇನ ಸಾಯೂದ್ರೊಳಗ ಅಕಿಗಿ ಹೇಳು."

ಅವ್ವ ಆಮೇಲೆ ಹನ್ನೊಂದು ವರ್ಷ ಬದುಕಿದಳು. ನಾನು ಹೇಳಲಿಲ್ಲ. ಒಂದು ಭಾನುವಾರ ಅವ್ವನೇ ರೇಡಿಯೋದ ಕಿವಿ ತಿರುವಿ ಇಂಗ್ಲಿಷ್ ಹಾಡು ಹುಡುಕಿ ಹಚ್ಚಿದಳು. ಕಮಲಾ ಹಿಟ್ಟಿನ ಕೈಯಲ್ಲೇ ಬಂದು ಆರಿಸಿದಳು. "ಬ್ಯಾಡ್ರಿ ಅತ್ತಿ. ನಿಮ್ಮ ಜೀವದ ಮ್ಯಾಲೆ ಹೇಳ್ಕೊಂಡೀನಿ." ಅವ್ವ ತೀರಿಕೊಂಡ ಮೇಲೆ, ಇನ್ನಾದರೂ ಕೇಳು ಎಂದೆ. "ಹರಕಿ ತಾಯಿ ಜೋಡಿ, ಅತ್ತಿ ಜೋಡಿ ಅಲ್ಲ" ಅಂದಳು. ಆಗಲೂ ಹೇಳಬಹುದಿತ್ತು.

ಆ ಕಾಲವೇ ಹಾಗಿತ್ತು ಎಂದು ನನ್ನ ವಯಸ್ಸಿನವರು ಹೇಳುತ್ತಾರೆ. ಕೇಳಿದರೆ ಸಿಟ್ಟು ಬರುತ್ತದೆ. ಕಾಲ ಬಂದು ನನ್ನ ಬಾಯಿಂದ ಸುಳ್ಳು ಹೇಳಿಸಲಿಲ್ಲ. ಆಗ ಲೂರ್ಡ್ಸ್ ಟಿಕೆಟ್ ತಂದುಕೊಟ್ಟಳು, ಅವ್ವ "ಹೋಗಿ ಬಾರವ್ವಾ" ಎಂದು ಸೊಸೆಗೆ ತನ್ನ ಹೊಸ ಸೀರೆ ಕೊಟ್ಟು ಕಳಿಸಿದಳು. ಅವರೂ ಅದೇ ಕಾಲದವರು. ಸಣ್ಣತನ ನನ್ನದು, ಓದಿದವನದು.

ಕಮಲಾ, ನಾನು ಬರೆದದ್ದೆಲ್ಲ ಅಚ್ಚಿಗೆ ಹೋಗುವ ಮೊದಲು ನೀನು ಓದಿ ಪೆನ್ಸಿಲಿನಲ್ಲಿ ಗುರುತು ಹಾಕುವುದು ಈ ಮನೆಯ ಪದ್ಧತಿ. ಇದನ್ನೂ ನೀನೇ ಮೊದಲು ಓದುತ್ತೀ. ಆವತ್ತು ಹೊರಗೆ ಯಾವ ಚಾಳಿನವರೂ ಬಂದಿರಲಿಲ್ಲ. ಬಂದವರು ಯಾರು ಎಂದು ನೀನು ಒಮ್ಮೆಯೂ ಕೇಳಲಿಲ್ಲ — ಯಾಕೆ ಕೇಳಲಿಲ್ಲ ಎಂದು ಕೇಳುವ ಹಕ್ಕು ನನಗಿಲ್ಲ. ಸುಳ್ಳಿನ ಮೇಲೆ ಹೊತ್ತ ಹರಕೆ ಬನಶಂಕರಿಗೆ ಸಲ್ಲುತ್ತದೋ ಇಲ್ಲವೋ, ಅದನ್ನೂ ನಾನು ಹೇಳಲಾರೆ. ಅದು ನಿನ್ನ ಮತ್ತು ಅವಳ ನಡುವಿನದು. ಹಾಡಿನ ನೋಟ್‌ಬುಕ್ ದೇವಿಯ ಫೋಟೋದ ಹಿಂದೆ ನೀನು ಇಟ್ಟಲ್ಲೇ ಇದೆ. ನಾನು ಮುಟ್ಟಿಲ್ಲ.

ನೀನೀಗ ಅಡುಗೆಮನೆಯಲ್ಲಿದ್ದೀ, ಕುಕ್ಕರ್ ಕೂಗುತ್ತಿದೆ. ಈ ಹಾಳೆಗಳನ್ನು ನಿನ್ನ ಕನ್ನಡಕದ ಕೆಳಗೆ ಇಡುತ್ತಿದ್ದೇನೆ. ದಿನಾ ಈ ಹೊತ್ತಿಗೆ ನಾನು ಕೆಳಗೆ ವಾಕಿಂಗ್ ಹೋಗುತ್ತೇನೆ. ಇವತ್ತು ಹೋಗುವುದಿಲ್ಲ. ನೀನು ಓದಿ ಮುಗಿಸುವತನಕ ಇದೇ ಕುರ್ಚಿಯಲ್ಲಿ ಕೂತಿರುತ್ತೇನೆ.